ಬಟಾಣಿ ಯಾಕೆ ಸುಕ್ಕಾಗುತ್ತದೆ?

ಮಸಾಲೆ ಪುರಿಗೆ ನೆನೆಹಾಕುವ ಬಿಳಿ ಒಣ ಬಟಾಣಿಯನ್ನು ಅಂಗೈಗೆ ಸುರಿದುಕೊಂಡು ನೋಡಿ. ಗುಂಡಗೆ, ನುಣ್ಣಗೆ, ಗೋಲಿಯ ಹಾಗೆ ಉರುಳುತ್ತವೆ. ಚಳಿಗಾಲದಲ್ಲಿ ಬಿಡಿಸುತ್ತಾ ಬಿಡಿಸುತ್ತಾ ಹಸಿಯಾಗೇ ಬಾಯಿಗೆ ಹಾಕಿಕೊಳ್ಳುವ ಸಿಹಿ ಬಟಾಣಿ ಹಾಗಲ್ಲ. ಅದರ ಬಹುಪಾಲು ತಳಿಗಳನ್ನು ಬೀಜಕ್ಕೆಂದು ಗಿಡದಲ್ಲೇ ಒಣಗಲು ಬಿಟ್ಟರೆ ಕಾಳು ಸುಕ್ಕುಗಟ್ಟುತ್ತದೆ. ಆ ಸಿಹಿಗೂ ಈ ಸುಕ್ಕಿಗೂ ನಂಟಿದೆ.

ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಹೇಗೆ ಬರುತ್ತವೆಂದು ಕಂಡುಕೊಂಡ ಗ್ರೆಗರ್ ಮೆಂಡೆಲ್ ಬ್ರನೋ ಊರಿನ ಮಠದಲ್ಲಿ ಕೂತು ಎಣಿಸಿದ್ದು ಇಂಥವೇ ಕಾಳುಗಳನ್ನು. ಗುಂಡು ತಳಿ, ಸುಕ್ಕು ತಳಿ ಇವುಗಳಲ್ಲಿ ಒಂದರ ಪರಾಗವನ್ನು ಇನ್ನೊಂದರ ಹೂವಿಗೆ ಹಾಕಿದಾಗ ಬಂದ ಕಾಳೆಲ್ಲ ಗುಂಡು. ಅವನ್ನು ಬಿತ್ತಿ ಬೆಳೆದ 253 ಗಿಡಗಳಲ್ಲಿ 5,474 ಗುಂಡು ಕಾಳು, 1,850 ಸುಕ್ಕು ಕಾಳು ಸಿಕ್ಕವು. ಹತ್ತಿರ ಹತ್ತಿರ ಮೂರಕ್ಕೆ ಒಂದು. ಒಂದೇ ಕಾಯಿಯೊಳಗೆ ಎರಡೂ ಬಗೆ ಅಕ್ಕಪಕ್ಕ ಕೂತಿದ್ದವು!

ಗುಂಡು ಪ್ರಬಲ, ಸುಕ್ಕು ದುರ್ಬಲ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದೆವು. ಈ ಪದಗಳ ಮೇಲೆ ನನಗೆ ತಕರಾರಿದೆ. ಎರಡು ಜೀನ್‌ಗಳು ಕುಸ್ತಿಗೆ ಬಿದ್ದು ಒಂದು ಗೆದ್ದ ಹಾಗೆ ಕೇಳಿಸುತ್ತದೆ, ಅಲ್ವಾ? ಕಾಳಿನೊಳಗೆ ಅಂಥ ಜಗಳ ನಡೆಯುವುದೇ ಇಲ್ಲ.

ಜೀನ್ ಅಂದರೆ ಡಿಎನ್‌ಎ ಎಳೆಯ ಒಂದು ಭಾಗ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಬರಹ. ಜೀವಕೋಶ ಅದನ್ನು ಆರ್‌ಎನ್‌ಎ ಆಗಿ ನಕಲು ಮಾಡಿಕೊಳ್ಳುತ್ತದೆ. ಆ ನಕಲನ್ನು ಮೂರು ಮೂರು ಅಕ್ಷರದಂತೆ ಓದುತ್ತಾ ಪ್ರೊಟೀನ್ ಹೆಣೆಯುತ್ತದೆ. ಬಟಾಣಿ ಗುಂಡೋ ಸುಕ್ಕೋ ಎಂದು ನಿರ್ಧರಿಸುವ ಜೀನ್‌ನಿಂದ ಹುಟ್ಟುವ ಪ್ರೊಟೀನ್ ಒಂದು ಕಿಣ್ವ. ಸಕ್ಕರೆಯ ಅಣುಗಳು ಸರಪಳಿಯಾಗಿ ಪಿಷ್ಟವಾಗುವಾಗ ಆ ಸರಪಳಿ ಕವಲೊಡೆಯುವಂತೆ ಮಾಡುವುದು ಅದರ ಕೆಲಸ.

ಸುಕ್ಕು ಬಟಾಣಿಯಲ್ಲಿ ಈ ಜೀನ್‌ಗೆ ಏನಾಗಿದೆ ಎಂದು ಗೊತ್ತಾದದ್ದು 1990ರಲ್ಲಿ, ಇಂಗ್ಲೆಂಡಿನ ಜಾನ್ ಇನ್ನಿಸ್ ಸಂಸ್ಥೆಯ ವಿಜ್ಞಾನಿಗಳಿಂದ. ಜೀನ್‌ನ ನಡುವೆ ಸುಮಾರು 800 ಅಕ್ಷರಗಳ ಡಿಎನ್‌ಎ ತುಂಡೊಂದು ಬಂದು ಸೇರಿಕೊಂಡಿತ್ತು. ಬಾರ್ಬರಾ ಮೆಕ್‌ಕ್ಲಿಂಟಾಕ್ ಮೆಕ್ಕೆಜೋಳದಲ್ಲಿ ಕಂಡುಹಿಡಿದ ಜಿಗಿಯುವ ಜೀನ್‌ಗಳಿಗೆ ಇದು ನೆಂಟ. ಬರಹ ಕೆಟ್ಟಿತು, ಕಿಣ್ವ ಸರಿಯಾಗಿ ತಯಾರಾಗಲಿಲ್ಲ. ಪಿಷ್ಟವಾಗಬೇಕಿದ್ದ ಸಕ್ಕರೆಯಲ್ಲಿ ಬಹಳಷ್ಟು ಸಕ್ಕರೆಯಾಗೇ ಉಳಿಯಿತು. ಹಸಿ ಕಾಳು ಸಿಹಿಯಾದದ್ದು ಹೀಗೆ. ಸಕ್ಕರೆ ನೀರನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಕಾಳು ಜಾಸ್ತಿ ನೀರು ಕುಡಿದು ಉಬ್ಬುತ್ತದೆ. ಒಣಗುವಾಗ ಆ ನೀರು ಹೋಗಿ ತಿರುಳು ಕುಗ್ಗುತ್ತದೆ. ಹಿಗ್ಗಿದ್ದ ಸಿಪ್ಪೆ ಮಡಿಕೆ ಮಡಿಕೆಯಾಗುತ್ತದೆ.

ಪ್ರತಿ ಕಾಳಿಗೂ ಈ ಜೀನ್‌ನ ಎರಡು ಪ್ರತಿ ಬರುತ್ತವೆ, ಪರಾಗದಿಂದ ಒಂದು, ಅಂಡದಿಂದ ಒಂದು. ಒಂದು ಕೆಟ್ಟಿದ್ದರೂ ಇನ್ನೊಂದು ಸರಿ ಇದ್ದರೆ ಕಾಳು ಗುಂಡಗಾಗುವಷ್ಟು ಕಿಣ್ವ ಸಿಗುತ್ತದೆ. ಸುಕ್ಕಾಗಲು ಎರಡೂ ಕೆಟ್ಟಿರಬೇಕು. ಒಂದು ಸರಿ, ಒಂದು ಕೆಟ್ಟ ಪ್ರತಿ ಇರುವ ಗಿಡದ ಪರಾಗದಲ್ಲೂ ಅಂಡದಲ್ಲೂ ಅರ್ಧಕ್ಕೆ ಸರಿಯಾದದ್ದು, ಅರ್ಧಕ್ಕೆ ಕೆಟ್ಟದ್ದು ಹೋಗುತ್ತದೆ. ಹಾಗಾಗಿ ಸರಾಸರಿ ನಾಲ್ಕು ಕಾಳಿನಲ್ಲಿ ಒಂದಕ್ಕಷ್ಟೇ ಎರಡೂ ಕೆಟ್ಟವು ಸಿಗುತ್ತವೆ. ಮೂರಕ್ಕೆ ಒಂದರ ಲೆಕ್ಕ ಇದೇ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಒಂದು ಪ್ರತಿ ಸರಿ, ಒಂದು ಕೆಟ್ಟಿರುವ ಮಿಶ್ರ ಕಾಳಿನ ಪಿಷ್ಟವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಬೇಕು. ಅಪ್ಪಟ ಗುಂಡು ತಳಿಯಲ್ಲಿ ಪಿಷ್ಟದ ಕಣಗಳು ಇಡಿಯಾಗಿ, ನಯವಾಗಿರುತ್ತವೆ. ಸುಕ್ಕು ತಳಿಯಲ್ಲಿ ಸೀಳು ಬಿಟ್ಟು ಹೋಳು ಹೋಳಾದಂತೆ ಕಾಣುತ್ತವೆ. ಮಿಶ್ರ ಕಾಳಿನವು ಎರಡರ ನಡುವಿನ ರೂಪದಲ್ಲಿರುತ್ತವೆ. ಅಂಗೈಯಲ್ಲಿ ಮಾತ್ರ ಅದು ಎಲ್ಲ ಗುಂಡು ಕಾಳಿನಂತೆ ಉರುಳುತ್ತದೆ.