ಬೀಪ್ ಅಂದ ಮಾತ್ರಕ್ಕೆ ವೈರ್ ಸರಿ ಇದೆ ಅಂತಲ್ಲ

ಐಟಿಐ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಟ್ರೇಡ್‌ನ ಪರೀಕ್ಷೆ ಹತ್ತಿರ ಬಂದಾಗ ಫೈರಿಂಗ್ ಆರ್ಡರ್, ಟ್ಯಾಪೆಟ್ ಕ್ಲಿಯರೆನ್ಸ್, ವರ್ನಿಯರ್‌ನ ಲೀಸ್ಟ್ ಕೌಂಟ್ ಎಲ್ಲರಿಗೂ ಬಾಯಿಪಾಠ ಆಗಿರುತ್ತದೆ. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಟ್ರೇಡ್ ಪ್ರಾಕ್ಟಿಕಲ್ ಪಾಸಾಗಲು ಶೇ 60 ಅಂಕ ಬೇಕು, ಥಿಯರಿಗೆ ಶೇ 33 ಸಾಕು. ಹೀಗಿದ್ದರೂ ಪ್ರಾಕ್ಟಿಕಲ್‌ನಲ್ಲಿ ವರ್ಷ ವರ್ಷವೂ ಒಂದೇ ಜಾಗದಲ್ಲಿ ಅಂಕ ಹೋಗುತ್ತದೆ: ಎಲೆಕ್ಟ್ರಿಕಲ್ ಫಾಲ್ಟ್ ಹುಡುಕುವ ಕೆಲಸದಲ್ಲಿ.

‘ಸೆಲ್ಫ್ ನಿಧಾನ ತಿರುಗುತ್ತಿದೆ, ಕಾರಣ ಹೇಳು’ ಎಂದು ಕೊಟ್ಟರೆ (ಸೆಲ್ಫ್ ಅಂದರೆ ಎಂಜಿನ್ ಸ್ಟಾರ್ಟ್ ಮಾಡುವ ಮೋಟಾರ್) ಆಗುವುದಿಷ್ಟು. ಹುಡುಗ ಬ್ಯಾಟರಿಗೆ ಮೀಟರ್ ಹಿಡಿಯುತ್ತಾನೆ, 12.6 ವೋಲ್ಟ್. ಕೇಬಲ್ ಬಿಚ್ಚಿ ಕಂಟಿನ್ಯುಯಿಟಿ, ಅಂದರೆ ವೈರ್ ಎಲ್ಲೂ ತುಂಡಾಗಿಲ್ಲವೇ ಎಂದು ನೋಡುತ್ತಾನೆ, ಬೀಪ್. ‘ಬ್ಯಾಟರಿ ಓಕೆ, ವೈರ್ ಓಕೆ, ಸೆಲ್ಫ್ ಹೋಗಿದೆ ಸಾರ್.’ ಗೇರ್‌ಬಾಕ್ಸ್ ಬಿಚ್ಚಿ ಒಂದು ವಾಷರ್ ಕೂಡ ಉಳಿಯದಂತೆ ಜೋಡಿಸಬಲ್ಲ ಮಕ್ಕಳು ಇವರು. ಇಷ್ಟು ಒಳ್ಳೆಯ ಕೈ ಇದ್ದವರು ಇಲ್ಲಿ ಎಡವುವುದನ್ನು ನೋಡಿದರೆ ಸಂಕಟವಾಗುತ್ತದೆ.

ಕಂಟಿನ್ಯುಯಿಟಿ ಪರೀಕ್ಷೆಯಲ್ಲಿ ಮೀಟರ್ ತನ್ನ ಒಳಗಿನ ಸಣ್ಣ ಬ್ಯಾಟರಿಯಿಂದ ಮಿಲಿಆಂಪ್ ಲೆಕ್ಕದ ಕರೆಂಟ್ ಮಾತ್ರ ಕಳಿಸುತ್ತದೆ. ಹತ್ತಾರು ಓಮ್ ರೆಸಿಸ್ಟೆನ್ಸ್ ಇದ್ದರೂ ಬಹಳಷ್ಟು ಮೀಟರ್‌ಗಳು ಬೀಪ್ ಅನ್ನುತ್ತವೆ. ಕೇಬಲ್‌ನ ಎಳೆಗಳೆಲ್ಲ ಕೊಳೆತು ಒಂದೇ ಒಂದು ಉಳಿದಿದ್ದರೂ ಬೀಪ್ ಬರುತ್ತದೆ. ಸೆಲ್ಫ್‌ಗೆ ಬೇಕಾದದ್ದು ನೂರು, ನೂರೈವತ್ತು ಆಂಪ್. ದೊಡ್ಡ ಡೀಸೆಲ್ ಎಂಜಿನ್ ಆದರೆ ಇನ್ನೂ ಜಾಸ್ತಿ.

ಲೆಕ್ಕ ಮಾಡಿ ನೋಡಿ. ಅರ್ಥ್ ಲಗ್ (ಅರ್ಥ್ ಕೇಬಲ್ ತುದಿಯ ಲೋಹದ ಬಳೆ) ಕೆಳಗೆ ತುಕ್ಕು ಹಿಡಿದು 0.01 ಓಮ್ ರೆಸಿಸ್ಟೆನ್ಸ್ ಹುಟ್ಟಿದೆ ಎನ್ನಿ. 160 ಆಂಪ್ ಹರಿದಾಗ ಆ ಒಂದೇ ಜಾಗ 1.6 ವೋಲ್ಟ್ ನುಂಗುತ್ತದೆ. ಆ 0.01 ಓಮ್ ಅನ್ನು ನಿಮ್ಮ ಮಲ್ಟಿಮೀಟರ್ ಓಮ್ ರೇಂಜಿನಲ್ಲಿ ತೋರಿಸಲಾರದು. 200 ಓಮ್ ರೇಂಜಿನಲ್ಲಿ ಅದು ತೋರಿಸುವ ಅತಿ ಸಣ್ಣ ಅಂಕಿ 0.1, ಅದರ ಪ್ರೋಬ್ ವೈರ್‌ಗಳದ್ದೇ 0.2, 0.3 ಓಮ್ ಇರುತ್ತದೆ. ಆದ್ದರಿಂದ ದಪ್ಪ ಕೇಬಲ್‌ನ ಆರೋಗ್ಯವನ್ನು ಓಮ್‌ನಲ್ಲಿ ಅಳೆಯಬೇಡಿ. ಕರೆಂಟ್ ಹರಿಯುತ್ತಿರುವಾಗ ವೋಲ್ಟೇಜ್ ಡ್ರಾಪ್, ಅಂದರೆ ದಾರಿಯಲ್ಲಿ ಕಳೆದುಹೋಗುವ ವೋಲ್ಟ್ ಅಳೆಯಿರಿ.

ಹೊಲದ ಪಂಪ್‌ಸೆಟ್ ಪೈಪ್ ನಡುವೆ ಮಡಿಚಿಕೊಂಡಿದೆ, ತುದಿಯ ವಾಲ್ವ್ ಮುಚ್ಚಿದೆ ಎಂದುಕೊಳ್ಳಿ. ಮಡಿಕೆಯ ಆಚೆ ಈಚೆ ಒತ್ತಡ ಒಂದೇ ಇರುತ್ತದೆ. ವಾಲ್ವ್ ತೆರೆದು ನೀರು ಹರಿಯತೊಡಗಿದಾಗಲೇ ಆಚೆ ಬದಿಯ ಒತ್ತಡ ಬೀಳುವುದು. ಲೋಡ್ ಇಲ್ಲದೆ ಅಳೆದ ವೋಲ್ಟ್ ಆ ಮುಚ್ಚಿದ ವಾಲ್ವ್‌ನ ಒತ್ತಡದಂತೆ, ದಾರಿಯಲ್ಲಿ ಏನು ತೊಂದರೆಯಿದೆ ಎಂಬುದನ್ನು ಅದು ಹೇಳುವುದಿಲ್ಲ.

ಈಗ ಕೆಲಸ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದಿರಲಿ. ಎಂಜಿನ್ ಸ್ಟಾರ್ಟ್ ಆಗಬಾರದು. ಪೆಟ್ರೋಲ್ ಗಾಡಿಯಲ್ಲಿ ಫ್ಯೂಯಲ್ ಪಂಪ್ ಅಥವಾ ಇಂಜೆಕ್ಟರ್ ಫ್ಯೂಸ್ ತೆಗೆಯಿರಿ, ಹಳೆಯ ಡೀಸೆಲ್ ಪಂಪಿನಲ್ಲಿ ಸ್ಟಾಪ್ ಸೊಲೆನಾಯ್ಡ್ ವೈರ್ ಬಿಚ್ಚಿ. ಮೀಟರ್ ಡಿಸಿ 20 ವೋಲ್ಟ್‌ನಲ್ಲಿರಲಿ. ಕೆಂಪು ಪ್ರೋಬ್ ಅನ್ನು ಬ್ಯಾಟರಿಯ ಪ್ಲಸ್ ಪೋಸ್ಟಿನ ಸೀಸದ ಮೇಲೆಯೇ ಇಡಿ, ಕ್ಲ್ಯಾಂಪಿನ ಮೇಲೆ ಇಟ್ಟರೆ ಪೋಸ್ಟಿಗೂ ಕ್ಲ್ಯಾಂಪಿಗೂ ನಡುವಿನ ದೋಷ ತಪ್ಪಿಹೋಗುತ್ತದೆ. ಕಪ್ಪು ಪ್ರೋಬ್ ಸೆಲ್ಫ್‌ನ ಸೊಲೆನಾಯ್ಡ್‌ನಲ್ಲಿ (ಸೆಲ್ಫ್‌ಗೆ ಕರೆಂಟ್ ಬಿಡುವ ಸ್ವಿಚ್) ಬ್ಯಾಟರಿ ಕೇಬಲ್ ಬಂದು ಸೇರುವ ಬೋಲ್ಟಿನ ಮೇಲೆ, ಅಂದರೆ 30 ನಂಬರಿನ ಟರ್ಮಿನಲ್ ಮೇಲೆ. ಈಗ ಮೀಟರ್ ಸೊನ್ನೆ ತೋರಿಸುತ್ತದೆ. ಇಲ್ಲೇ ‘ಡ್ರಾಪ್ ಇಲ್ಲ ಸಾರ್’ ಎಂದು ಬರೆದುಬಿಡುವವರಿದ್ದಾರೆ. ಕರೆಂಟೇ ಹರಿಯದೆ ಡ್ರಾಪ್ ಎಲ್ಲಿಂದ ಬರಬೇಕು? ಇನ್ನೊಬ್ಬರಿಂದ ನಾಲ್ಕೈದು ಸೆಕೆಂಡ್ ಸೆಲ್ಫ್ ಹೊಡೆಸಿ, ಆಗ ಬಂದ ಅಂಕಿ ಬರೆದುಕೊಳ್ಳಿ.

ಅದೇ ರೀತಿ ಅರ್ಥ್ ಬದಿ. ಕಪ್ಪು ಪ್ರೋಬ್ ಮೈನಸ್ ಪೋಸ್ಟ್ ಮೇಲೆ, ಕೆಂಪು ಪ್ರೋಬ್ ಸೆಲ್ಫ್ ಬಾಡಿಯ ಬರಿ ಲೋಹದ ಮೇಲೆ. ಪೇಂಟ್ ಇದ್ದರೆ ಕೆರೆದು ಇಡಿ. ಮತ್ತೆ ಸೆಲ್ಫ್ ಹೊಡೆಸಿ.

ಸಾಮಾನ್ಯವಾಗಿ ಪ್ಲಸ್ ಬದಿ ಒಟ್ಟು 0.5 ವೋಲ್ಟ್, ಅರ್ಥ್ ಬದಿ 0.2 ವೋಲ್ಟ್ ಮೀರಬಾರದು. ಒಂದೊಂದು ಜಾಯಿಂಟಿಗೆ 0.1ರ ಆಸುಪಾಸು. ಸಾಮಾನ್ಯವಾಗಿ ಎಂದೆ, ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮತ್ತು ಸೆನ್ಸರ್‌ಗಳ ಅರ್ಥ್‌ಗೆ ಮಿತಿ ಇನ್ನೂ ಬಿಗಿ. ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಗಳ ಕಿತ್ತಳೆ ಬಣ್ಣದ ಕೇಬಲ್‌ಗಳಿಗೆ ಈ ವಿಧಾನ ಅಲ್ಲವೇ ಅಲ್ಲ, ಅವುಗಳನ್ನು ಮುಟ್ಟಲು ಬೇರೆ ತರಬೇತಿ ಬೇಕು.

ಅರ್ಥ್ ಬದಿ 1.6 ಬಂತು ಎನ್ನಿ. ತಕ್ಷಣ ಕೇಬಲ್ ಬದಲಿಸಬೇಡಿ. ಕಪ್ಪು ಪ್ರೋಬ್ ಪೋಸ್ಟ್ ಮೇಲೇ ಇರಲಿ. ಕೆಂಪನ್ನು ಸೆಲ್ಫ್ ಬಾಡಿಯಿಂದ ಎಂಜಿನ್ ಬ್ಲಾಕಿಗೆ, ಅಲ್ಲಿಂದ ಚಾಸಿಗೆ, ಚಾಸಿಯ ಮೇಲಿನ ಕೇಬಲ್ ಲಗ್‌ಗೆ, ಕೊನೆಗೆ ಬ್ಯಾಟರಿ ಕ್ಲ್ಯಾಂಪಿಗೆ ತನ್ನಿ. ಪ್ರತಿ ಸಲ ಸೆಲ್ಫ್ ಹೊಡೆಸಿ, ನಡುನಡುವೆ ಸೆಲ್ಫ್ ತಣಿಯಲು ಬಿಡಿ. ಬ್ಲಾಕಿನಲ್ಲಿ 1.5 ಇದ್ದದ್ದು ಚಾಸಿಯಲ್ಲಿ 0.1 ಆಯಿತೆಂದರೆ ದೋಷ ಆ ಎರಡರ ನಡುವಿನ ಅರ್ಥ್ ಪಟ್ಟಿಯಲ್ಲಿದೆ. ಕ್ಲಚ್ ಪ್ಲೇಟ್ ಬದಲಿಸಿ ಬಂದ ಗಾಡಿಗಳಲ್ಲಿ ಇದನ್ನು ಮೊದಲು ನೋಡಿ. ಗೇರ್‌ಬಾಕ್ಸ್ ಇಳಿಸುವಾಗ ಬಿಚ್ಚಿದ ಪಟ್ಟಿಯನ್ನು ಮರಳಿ ಹಾಕುವುದು ಮರೆತಿರುತ್ತಾರೆ. ಆಗ ಕರೆಂಟ್ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಮೂಲಕ ದಾರಿ ಹುಡುಕಿಕೊಳ್ಳುತ್ತದೆ, ಕೇಬಲ್ ಕಾದು ಒಳಪದರ ಕರಗುತ್ತದೆ. ಮಾಲೀಕ ಪದೇ ಪದೇ ಕ್ಲಚ್ ಕೇಬಲ್ ಬದಲಿಸುತ್ತಿರುತ್ತಾನೆ, ಪಾಪ.

ಇನ್ನು ಸೊಲೆನಾಯ್ಡ್. ಪ್ರೋಬ್‌ಗಳನ್ನು ಅದರ ಎರಡು ದಪ್ಪ ಬೋಲ್ಟುಗಳ ಮೇಲಿಟ್ಟರೆ ಸೆಲ್ಫ್ ಹೊಡೆಯುವ ಮೊದಲು 12 ವೋಲ್ಟ್ ಕಾಣುತ್ತದೆ. ಹೆದರಬೇಡಿ. ಸಂಪರ್ಕ ತೆರೆದಿರುವ ಜಾಗದಲ್ಲಿ ಪೂರ್ತಿ ವೋಲ್ಟೇಜ್ ಕಾಣಲೇಬೇಕು. ಸೆಲ್ಫ್ ಹೊಡೆದಾಗ ಅದು 0.3ಕ್ಕಿಂತ ಕೆಳಗಿಳಿದರೆ ಒಳಗಿನ ಕಾಂಟ್ಯಾಕ್ಟ್ ಸರಿ ಇದೆ.

ಥಿಯರಿ ಪರೀಕ್ಷೆಗೂ ಇದೇ ತಲೆ ಬೇಕು. ಈ ಥರದ ಪ್ರಶ್ನೆ ಬಿಡಿಸಿ ನೋಡಿ: ಹೆಡ್‌ಲೈಟ್ ಮಂಕಾಗಿದೆ. ಲೈಟ್ ಉರಿಯುತ್ತಿರುವಾಗ ಬ್ಯಾಟರಿ ಪೋಸ್ಟುಗಳ ನಡುವೆ 12.4, ಬಲ್ಬಿನ ಎರಡು ಟರ್ಮಿನಲ್ ನಡುವೆ 10.1, ಬ್ಯಾಟರಿ ಪ್ಲಸ್‌ನಿಂದ ಬಲ್ಬಿನ ಪ್ಲಸ್‌ಗೆ 0.3, ಬಲ್ಬಿನ ಅರ್ಥ್‌ನಿಂದ ಬ್ಯಾಟರಿ ಮೈನಸ್‌ಗೆ 2.0. ದೋಷ ಎಲ್ಲಿ? ಹೆಚ್ಚಿನವರು ಬ್ಯಾಟರಿ ಅನ್ನುತ್ತಾರೆ, ಕೆಲವರು ಸ್ವಿಚ್ ಅನ್ನುತ್ತಾರೆ. 0.3, 10.1, 2.0 ಕೂಡಿದರೆ 12.4. ಲೆಕ್ಕ ಮುಗಿಯಿತು, ಅರ್ಥ್ ಬದಿಯಲ್ಲಿ ಎರಡು ವೋಲ್ಟ್ ಹೋಗುತ್ತಿದೆ. ಬಲ್ಬ್ ಕಳಚಿ ಹೋಲ್ಡರಿಗೆ ಮೀಟರ್ ಹಿಡಿದಿದ್ದರೆ 12.4 ತೋರಿಸುತ್ತಿತ್ತು, ದೋಷ ಅಡಗಿ ಕೂರುತ್ತಿತ್ತು. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ ಶೇ 10 ಇಳಿದರೆ ಬೆಳಕು ಸುಮಾರು ಶೇ 30 ಇಳಿಯುತ್ತದೆ. ಗಿರಾಕಿ ‘ರಾತ್ರಿ ರಸ್ತೆ ಕಾಣಲ್ಲ’ ಅಂದರೆ ಅದು ಬರೀ ಅನುಮಾನ ಅಲ್ಲ.

ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ‘ಅರ್ಥ್ ಕೆಟ್ಟಿದೆ’ ಎಂದಷ್ಟೇ ಬರೆದು ಬಿಡಬೇಡಿ. ಯಾವ ಎರಡು ಬಿಂದುಗಳ ನಡುವೆ, ಯಾವ ಲೋಡಿನಲ್ಲಿ, ಎಷ್ಟು ವೋಲ್ಟ್, ಮಿತಿ ಎಷ್ಟು, ಸರಿ ಮಾಡಿದ ಮೇಲೆ ಎಷ್ಟು, ಇವೆಲ್ಲ ಇರಲಿ. ಕೊನೆಯ ರೀಡಿಂಗ್ ಅನ್ನು ತುಂಬಾ ಜನ ಬಿಡುತ್ತಾರೆ. ಲಗ್ ಉಜ್ಜಿ ಬಿಗಿ ಮಾಡಿ ಮತ್ತೆ ಅಳೆಯದಿದ್ದರೆ ರಿಪೇರಿ ಆಯಿತು ಎನ್ನಲು ಆಧಾರವೇ ಇರುವುದಿಲ್ಲ.

ಮೀಟರ್ ಕೈಗೆ ಬಂದೊಡನೆ ಕೆಂಪು ಪ್ರೋಬ್ ಯಾವ ತೂತಿನಲ್ಲಿದೆ ನೋಡಿ. ಹಿಂದಿನವರು ಆಂಪಿಯರ್ ಅಳೆದು 10 ಆಂಪ್ ಸಾಕೆಟ್ಟಿನಲ್ಲೇ ಬಿಟ್ಟಿದ್ದರೆ, ನೀವು ಬ್ಯಾಟರಿಯ ಎರಡು ಪೋಸ್ಟಿಗೆ ಮುಟ್ಟಿಸಿದ ಕ್ಷಣ ಅದು ನೇರ ಶಾರ್ಟ್. ಫ್ಯೂಸ್ ಇರುವ ಮೀಟರ್ ಆದರೆ ಫ್ಯೂಸ್ ಹಾರುತ್ತದೆ. ಅಗ್ಗದ ಎಷ್ಟೋ ಮೀಟರ್‌ಗಳಲ್ಲಿ ಆ ಸಾಕೆಟ್ಟಿಗೆ ಫ್ಯೂಸೇ ಇರುವುದಿಲ್ಲ, ಪ್ರೋಬ್ ವೈರ್ ಕೈಯಲ್ಲೇ ಸುಡುತ್ತದೆ.