ಗಾಡಿಯ ಚಾಸಿ ಒಳಗಿನಿಂದ ಸಾಯುತ್ತದೆ

ಹಳೆಯ ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಜೀಪಿನಂಥ ಗಾಡಿ, ಕೊಳ್ಳಲು ಹೊರಟವರು ಮೊದಲು ಎಂಜಿನ್ ಸದ್ದು ಕೇಳುತ್ತಾರೆ, ಗೇರ್ ಹಾಕಿ ನೋಡುತ್ತಾರೆ, ಟೈರ್ ಎಷ್ಟು ಸವೆದಿದೆ ಎಂದು ಬಗ್ಗುತ್ತಾರೆ. ಗಾಡಿಯ ಅಡಿಗೆ ಮಲಗಿ ಚಾಸಿಯನ್ನು, ಅಂದರೆ ಎಂಜಿನ್ ಬಾಡಿ ಎಲ್ಲವನ್ನೂ ಹೊರುವ ಉಕ್ಕಿನ ಚೌಕಟ್ಟನ್ನು, ತಟ್ಟಿ ನೋಡುವವರು ಬಹಳ ಕಡಿಮೆ. ಎಂಜಿನ್ ಕೆಟ್ಟರೆ ಇಳಿಸಿ ಇನ್ನೊಂದನ್ನು ಕೂರಿಸಬಹುದು. ಚಾಸಿ ತುಕ್ಕು ತಿಂದು ಲಡ್ಡಾದರೆ ಬಾಡಿಯನ್ನೇ ಎತ್ತಿಟ್ಟು ಕೆಲಸ ಶುರುಮಾಡಬೇಕು. ಎಷ್ಟೋ ಗಾಡಿಗಳು ಗುಜರಿ ಸೇರುವುದು ಇದೊಂದೇ ಕಾರಣಕ್ಕೆ.

ಇಂಥ ಗಾಡಿಗಳ ಚಾಸಿಯ ಉದ್ದದ ಎರಡು ತೊಲೆಗಳು ಸಾಮಾನ್ಯವಾಗಿ ನಾಲ್ಕೂ ಬದಿ ಮುಚ್ಚಿದ ಉಕ್ಕಿನ ಪೆಟ್ಟಿಗೆಗಳು. ದಪ್ಪ ಹೆಚ್ಚೆಂದರೆ ಮೂರು ಮಿಲಿಮೀಟರ್ ಆಸುಪಾಸು. ಕಾರ್ಖಾನೆಯಲ್ಲಿ ಹಚ್ಚಿದ ಬಣ್ಣ ಹೊರಮೈಯನ್ನು ಕಾಯುತ್ತದೆ. ಒಳಮೈಗೆ ಅದು ತಲುಪಿರುವುದು ತೆಳುವಾಗಿ, ಅಲ್ಲಲ್ಲಿ. ಹೊಳೆ ದಾಟುವಾಗ, ಕೆಸರಿನಲ್ಲಿ ಸಿಕ್ಕಿಕೊಂಡಾಗ ನೀರು ಮತ್ತು ಮಣ್ಣು ಸಣ್ಣ ಸಣ್ಣ ರಂಧ್ರಗಳಿಂದ ಒಳಗೆ ಹೋಗುತ್ತವೆ. ನೀರು ಸ್ವಲ್ಪ ಸೋರಿ ಹೋಗುತ್ತದೆ, ಮಣ್ಣು ಹೋಗುವುದಿಲ್ಲ. ಅದು ತೊಲೆಯ ತಳದಲ್ಲಿ ಕೂತು ತೇವವನ್ನು ವಾರಗಟ್ಟಲೆ ಹಿಡಿದಿಡುತ್ತದೆ, ನೀರು ಬಸಿಯಬೇಕಾದ ರಂಧ್ರವನ್ನೂ ಮುಚ್ಚುತ್ತದೆ. ಮಣ್ಣಿನಡಿಯ ಲೋಹಕ್ಕೆ ಆಮ್ಲಜನಕ ಕಡಿಮೆ, ಪಕ್ಕದ ಲೋಹಕ್ಕೆ ಹೆಚ್ಚು. ಈ ವ್ಯತ್ಯಾಸವೇ ಸಣ್ಣದೊಂದು ಬ್ಯಾಟರಿಯಂತೆ ವರ್ತಿಸಿ, ಕಣ್ಣಿಗೆ ಕಾಣದ ಆ ಜಾಗದ ಕಬ್ಬಿಣವನ್ನೇ ತಿನ್ನುತ್ತದೆ.

ಉಪ್ಪು ಸೇರಿದರೆ ಇನ್ನೂ ಕೆಟ್ಟದ್ದು. ಅಡುಗೆ ಉಪ್ಪು ಗಾಳಿಯ ತೇವಾಂಶ ಶೇ. 75ರ ಹತ್ತಿರ ಬಂದಾಗ ತಾನೇ ನೀರು ಹೀರಿ ಕರಗುತ್ತದೆ. ಹಿಮ ಕರಗಿಸಲು ರಸ್ತೆಗೆ ಹಾಕುವ ಮೆಗ್ನೀಸಿಯಂ ಕ್ಲೋರೈಡ್‌ಗೆ ಶೇ. 33 ಸಾಕು. ಅಂದರೆ ನಮಗೆ ಒಣಹವೆ ಅನ್ನಿಸುವ ದಿನವೂ ಆ ತೊಲೆಯ ಒಳಗೆ ಒದ್ದೆಯೇ.

ಪ್ರತಿ ಗಾಡಿಗೂ ಅದರದೇ ಮರ್ಮಸ್ಥಾನ ಇರುತ್ತದೆ. 1997ರಿಂದ 2006ರವರೆಗಿನ ಜೀಪ್ ರ‍್ಯಾಂಗ್ಲರ್ ಟಿಜೆಯಲ್ಲಿ ಹಿಂದಿನ ಕೆಳಗಿನ ಕಂಟ್ರೋಲ್ ಆರ್ಮ್ (ಆಕ್ಸಲನ್ನು ಚಾಸಿಗೆ ಜೋಡಿಸುವ ತೋಳು) ಕೂರುವ ಜಾಗವನ್ನು ನೋಡದೆ ಮಾತಾಡಲೇಬಾರದು. ಹಳೆಯ ಲ್ಯಾಂಡ್ ರೋವರ್‌ಗಳ ಬಾಡಿ ಬಹುಪಾಲು ಅಲ್ಯೂಮಿನಿಯಂ. ಮೇಲೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಕೆಳಗೆ ಹಿಂದಿನ ಕ್ರಾಸ್ ಮೆಂಬರ್ (ಎರಡು ತೊಲೆಗಳನ್ನು ಜೋಡಿಸುವ ಅಡ್ಡತೊಲೆ) ಮತ್ತು ಬಾಡಿ ಹೊರುವ ಪಕ್ಕದ ಚಾಚುಗಳು ಪುಡಿಯಾಗಿರುತ್ತವೆ. ಸಮಸ್ಯೆ ಒಬ್ಬೊಬ್ಬ ಮಾಲೀಕರ ಅಲಕ್ಷ್ಯದ್ದೇ ಎಂದುಕೊಳ್ಳಬೇಡಿ. ಟಕೋಮಾ, ಟಂಡ್ರಾ, ಸೆಕ್ವೋಯಾ ಗಾಡಿಗಳ ಚಾಸಿ ತುಕ್ಕಿನ ಬಗ್ಗೆ ಅಮೆರಿಕದಲ್ಲಿ ನಡೆದ ಮೊಕದ್ದಮೆಯಲ್ಲಿ ಟೊಯೊಟಾ 2016ರಲ್ಲಿ ರಾಜಿಗೆ ಬಂತು. ಅದರ ವ್ಯಾಪ್ತಿಗೆ ಬಂದದ್ದು ಸುಮಾರು 15 ಲಕ್ಷ ಗಾಡಿಗಳು.

ಪರೀಕ್ಷೆಗೆ ನನ್ನ ಮೊದಲ ಸಲಕರಣೆ ಸಣ್ಣ ಸುತ್ತಿಗೆ. ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ಸುತ್ತಿಗೆಯನ್ನು ವಾಪಸ್ ಎಸೆಯುತ್ತದೆ. ಪೊಳ್ಳಾದದ್ದು ದಬ್ ಎನ್ನುತ್ತದೆ, ಒಳಗೆ ಹಕ್ಕಳೆ ಉದುರುವ ಸದ್ದು ಕೇಳುತ್ತದೆ. ತೊಲೆಯ ಪಕ್ಕಕ್ಕೆ ತಟ್ಟಿ ಎದ್ದುಬಿಟ್ಟರೆ ಸಾಲದು, ತಳವನ್ನು ಗೇಣು ಗೇಣಿಗೂ ತಟ್ಟಬೇಕು. ಸ್ಪ್ರಿಂಗನ್ನು ಚಾಸಿಗೆ ಹಿಡಿದಿಡುವ ಹ್ಯಾಂಗರ್, ಕ್ರಾಸ್ ಮೆಂಬರ್ ಸೇರುವ ಮೂಲೆ, ಎರಡು ತಗಡು ಒಂದರ ಮೇಲೊಂದು ಕೂತ ಜಾಗ ಇವುಗಳಿಗೆ ಇನ್ನಷ್ಟು ಸಮಯ ಕೊಡಿ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ; ಹಾಗಾಗಿ ಎರಡು ತಗಡಿನ ನಡುವೆ ಉಬ್ಬು ಕಂಡರೆ ಒಳಗೆ ಕೆಲಸ ಬಹಳ ದೂರ ಹೋಗಿದೆ ಎಂದೇ ಅರ್ಥ. ರಂಧ್ರದಲ್ಲಿ ಬೋರೋಸ್ಕೋಪ್ ಎಂಬ ಕೊಳವೆಯಂಥ ಸಣ್ಣ ಕ್ಯಾಮೆರಾ ತೂರಿಸಿದರೆ ಒಳಮೈ ಕಾಣುತ್ತದೆ. ಅನುಮಾನವಿದ್ದಲ್ಲಿ ಅಲ್ಟ್ರಾಸಾನಿಕ್ ಮಾಪಕದಿಂದ ದಪ್ಪ ಅಳೆಯುತ್ತೇನೆ.

ದಪ್ಪದ ವಿಷಯದಲ್ಲಿ ಒಂದು ಲೆಕ್ಕ ಗೊತ್ತಿರಲಿ. ತೊಲೆಯ ತಗಡು ಅರ್ಧಕ್ಕೆ ಇಳಿದರೆ ಬಲವೂ ಅರ್ಧ ಉಳಿದಿದೆ ಎಂದು ಸಮಾಧಾನಪಡುವವರಿದ್ದಾರೆ. ಆದರೆ ಒತ್ತಡಕ್ಕೆ ಸಿಕ್ಕ ತಗಡು ನೆರಿಗೆ ಬೀಳದೆ ತಡೆಯಬಲ್ಲ ಒತ್ತಡ ದಪ್ಪದ ವರ್ಗಕ್ಕೆ (ದಪ್ಪ × ದಪ್ಪ) ತಕ್ಕಂತೆ ಇಳಿಯುತ್ತದೆ, ಅಂದರೆ ಕಾಲು ಭಾಗಕ್ಕೆ. ಸಮತಟ್ಟು ರಸ್ತೆಯಲ್ಲಿ ಓಡಿಕೊಂಡಿದ್ದ ಗಾಡಿ ಬಂಡೆಗಳ ಮೇಲೆ ಒಂದು ಚಕ್ರ ಎತ್ತಿ ತಿರುಚಿಕೊಂಡಾಗ ಬಾಗುವುದು ಹೀಗೆ.

ನನಗೆ ನಿಜಕ್ಕೂ ಸಿಟ್ಟು ಬರುವುದು ಮಾರುವ ಮೊದಲು ಬಳಿಯುವ ಕಪ್ಪು ಲೇಪಕ್ಕೆ. ಹಕ್ಕಳೆಯ ಮೇಲೇ ರಬ್ಬರಿನಂಥ ಲೇಪ ಬಳಿದರೆ ಅದು ಗಟ್ಟಿಯಾಗಿ, ಮುಂದೆ ಬಿರುಕು ಬಿಟ್ಟು, ಬಿರುಕಿನಲ್ಲಿ ಇಳಿದ ನೀರನ್ನು ಲೋಹಕ್ಕೆ ಅಂಟಿಸಿ ಇಡುತ್ತದೆ. ಹಳೆಯ ಗಾಡಿಯ ಅಡಿಭಾಗ ಹೊಚ್ಚ ಹೊಸದಾಗಿ ಕಪ್ಪಗೆ ಮಿಂಚುತ್ತಿದ್ದರೆ, ಬಳಿಯುವ ಮೊದಲು ತೆಗೆದ ಫೋಟೋ ಕೇಳಿ. ಇಲ್ಲ ಎಂದರೆ ಸುತ್ತಿಗೆ ಹಿಡಿಯಿರಿ. ತಟ್ಟಲು ಬಿಡದಿದ್ದರೆ ಆ ಗಾಡಿ ಬೇಡ.

ತುಕ್ಕು ಬರೀ ಮೇಲ್ಮೈಯದಾದರೆ ಹೆದರಬೇಕಿಲ್ಲ. ತಂತಿ ಬ್ರಷ್‌ನಿಂದ ಕೆರೆದು, ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ಫಾಸ್ಫಾರಿಕ್ ಆಮ್ಲದ ಕನ್ವರ್ಟರ್ ಹಚ್ಚಿ, ಎಪಾಕ್ಸಿ ಪ್ರೈಮರ್ ಹೊಡೆದರೆ ಆಯಿತು. ಕನ್ವರ್ಟರ್ ತೆಳು ತುಕ್ಕಿಗೆ ಮಾತ್ರ; ದಪ್ಪ ಹಕ್ಕಳೆಯ ಬುಡಕ್ಕೆ ಅದು ಇಳಿಯುವುದೇ ಇಲ್ಲ.

ತೂತು ಬಿದ್ದಿದ್ದರೆ ವೆಲ್ಡಿಂಗ್. ತೂತಿನ ಮೇಲೆ ತುಂಡು ಇಟ್ಟು ಸುತ್ತ ಬೆಸೆಯುವುದು ರಿಪೇರಿಯಲ್ಲ. ಸುತ್ತಿಗೆಗೆ ಠಣ್ ಎನ್ನುವ ಲೋಹ ಸಿಗುವ ತನಕ ಕತ್ತರಿಸಬೇಕು, ಮೂಲದ್ದೇ ದಪ್ಪದ ಉಕ್ಕು ಕೂರಿಸಬೇಕು. ಬಲಪಡಿಸುವ ಪಟ್ಟಿಯ ತುದಿಯನ್ನು ನೇರವಾಗಿ ಕತ್ತರಿಸದೆ ಓರೆಯಾಗಿ ಅಥವಾ ಮೀನಿನ ಬಾಯಿಯಂತೆ ಕತ್ತರಿಸುತ್ತೇವೆ. ನೇರ ಅಡ್ಡ ಬೆಸುಗೆಯಾದರೆ ಬಿಸಿಯಿಂದ ದುರ್ಬಲವಾದ ಭಾಗವೆಲ್ಲ ಒಂದೇ ಗೆರೆಯಲ್ಲಿ ಬಂದು, ಅದೇ ಗೆರೆಯಲ್ಲಿ ಚಾಸಿ ಸೀಳುತ್ತದೆ. ಶುರುಮಾಡುವ ಮೊದಲು ಬ್ಯಾಟರಿ ಕಳಚಿ, ಹತ್ತಿರದ ಇಂಧನದ ಪೈಪ್‌ಗಳನ್ನು ತೆಗೆದಿಡಿ. ಸತು ಲೇಪಿತ ಚಾಸಿಯಾದರೆ ಬೆಸೆಯುವ ಜಾಗದ ಸತು ಉಜ್ಜಿ ತೆಗೆಯದೆ ಮುಂದುವರಿಯಬೇಡಿ, ಅದರ ಹೊಗೆ ಜ್ವರ ತರಿಸುತ್ತದೆ. ತೊಲೆ ಹಲವು ಕಡೆ ಹೋಗಿದ್ದರೆ ತೇಪೆಯ ಮಾತು ಬಿಟ್ಟು ಹೊಸ ಚಾಸಿ ಹುಡುಕುವುದೇ ಸರಿ ಎಂದು ಗಿರಾಕಿಗೆ ನೇರವಾಗಿ ಹೇಳುತ್ತೇನೆ.

ಉಳಿದದ್ದು ಕಾಪಾಡುವ ಕೆಲಸ. ಪ್ರತಿ ಕೆಸರಿನ ಪ್ರಯಾಣದ ನಂತರ ತೊಲೆಯ ಒಳಕ್ಕೆ ನೀರು ಬಿಟ್ಟು, ಕೆಳಗಿನ ರಂಧ್ರದಿಂದ ತಿಳಿನೀರು ಬರುವ ತನಕ ತೊಳೆಯಿರಿ. ಪೂರ್ತಿ ಒಣಗಿದ ಮೇಲೆ, ಸುತ್ತಲೂ ಚಿಮ್ಮುವ ಉದ್ದ ನಳಿಗೆಯಿಂದ ಮೇಣ ಅಥವಾ ಲ್ಯಾನೊಲಿನ್ (ಕುರಿ ಉಣ್ಣೆಯ ಜಿಡ್ಡು) ಆಧಾರಿತ ಎಣ್ಣೆಯನ್ನು ಒಳಗೆ ಹೊಡೆಯಬೇಕು. ಅದು ಗಟ್ಟಿಯಾಗದೆ ಸಂದುಗಳಿಗೆ ಹರಿಯುತ್ತದೆ, ಆದ್ದರಿಂದಲೇ ಆಗಾಗ ಮತ್ತೆ ಹೊಡೆಯಬೇಕಾಗುತ್ತದೆ. ಮುಗಿದ ಮೇಲೆ ಒಂದು ತಂತಿ ಹಿಡಿದು ತಳದ ರಂಧ್ರಗಳನ್ನೆಲ್ಲ ಚುಚ್ಚಿ ಬಿಡಿಸಿ. ಹಾಗೇ ಚಾಸಿಗೆ ಕ್ಲಿಪ್ ಹಾಕಿ ಕೂರಿಸಿದ ಬ್ರೇಕ್ ಪೈಪ್‌ಗಳನ್ನೂ ನೋಡಿ. ಕ್ಲಿಪ್ ಹಿಂದೆ ಸಿಕ್ಕಿಕೊಂಡ ಮಣ್ಣು ತೊಲೆಗಿಂತ ಮೊದಲು ಆ ತೆಳು ಪೈಪನ್ನೇ ತಿಂದಿರುತ್ತದೆ.