ಬೀದಿಯಲ್ಲಿ ಜನ ನಿಲ್ಲೋದು ಯಾಕೆ? ನಗರ ಯೋಜನೆ ಓದುವವರಿಗೆ ಒಂದು ಟಿಪ್ಪಣಿ

'ಜೀವಂತ ಬೀದಿ' ಬಗ್ಗೆ ಪ್ರಶ್ನೆ ಬಂದರೆ ನಾವೆಲ್ಲ ಒಂದೇ ಪಟ್ಟಿ ಬರೆಯುತ್ತೇವೆ. ಅಗಲವಾದ ಫುಟ್‌ಪಾತ್, ಮರ, ಬೆಂಚು, ಸೈಕಲ್ ದಾರಿ. ಪಟ್ಟಿ ತಪ್ಪೇನಲ್ಲ. ಆದರೆ ಇವೆಲ್ಲ ಇದ್ದೂ ಭಣಗುಡುವ ರಸ್ತೆಗಳಿವೆ, ಇವ್ಯಾವುವೂ ಇಲ್ಲದೆ ಗಿಜಿಗುಡುವ ಬೀದಿಗಳೂ ಇವೆ. ಯಾಕೆ ಹೀಗೆ ಅನ್ನೋದನ್ನು ಪಟ್ಟಿ ಹೇಳುವುದಿಲ್ಲ. ಹಾಗಾಗಿ ಈ ಟಿಪ್ಪಣಿಯಲ್ಲಿ ಒಂದೇ ಪ್ರಶ್ನೆ ಹಿಡಿದು ಹೋಗೋಣ: ಆ ಬೀದಿಯಲ್ಲಿ ನಿಲ್ಲುವವರು ಯಾರು, ಯಾಕೆ ನಿಲ್ಲುತ್ತಾರೆ?

ಮೂರು ಬಗೆಯ ಓಡಾಟ

ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೆಲ್ ಬೀದಿಯ ಚಟುವಟಿಕೆಯನ್ನು ಮೂರಾಗಿ ನೋಡುತ್ತಾರೆ. ಒಂದು, ಮಾಡಲೇಬೇಕಾದದ್ದು: ಆಫೀಸಿಗೆ ಹೋಗೋದು, ಬಸ್ಸಿಗೆ ಕಾಯೋದು. ಎರಡು, ಮನಸ್ಸಿದ್ದರೆ ಮಾಡುವಂಥದ್ದು: ಸುಮ್ನೆ ಒಂದು ಸುತ್ತು ಹಾಕೋದು, ಕಾಫಿ ಹಿಡಿದು ಕೂರೋದು. ಮೂರು, ಇನ್ನೊಬ್ಬರಿದ್ದರೆ ಮಾತ್ರ ಆಗುವಂಥದ್ದು: ಹರಟೆ, ಮಕ್ಕಳ ಆಟ, ಬರೀ ಜನರನ್ನು ನೋಡ್ತಾ ನಿಲ್ಲೋದು.

ಮೊದಲನೆಯದು ಎಷ್ಟೇ ಕೆಟ್ಟ ರಸ್ತೆಯಲ್ಲೂ ನಡೆದೇ ನಡೆಯುತ್ತದೆ. ಮೆಜೆಸ್ಟಿಕ್ ಸುತ್ತಮುತ್ತ ದಿನವೂ ಸಾವಿರಾರು ಜನ ನಡೆಯುತ್ತಾರೆ. ಅದನ್ನು ನೋಡಿ ಅಲ್ಲಿನ ಫುಟ್‌ಪಾತ್ ಚೆನ್ನಾಗಿದೆ ಅನ್ನೋಕಾಗುತ್ತಾ? ಬೇರೆ ದಾರಿ ಇಲ್ಲದೆ ನಡೆಯುತ್ತಾರೆ ಅಷ್ಟೆ. ಎರಡನೆಯದು ಹಾಗಲ್ಲ. ಜಾಗ ಹಿತವಾಗಿದ್ದರೆ ಮಾತ್ರ ಜನ ಅದಕ್ಕೆ ಸಮಯ ಕೊಡುತ್ತಾರೆ. ಮೂರನೆಯದು ಈ ಎರಡರ ಬೆನ್ನಿಗೆ ತಾನಾಗೇ ಬರುತ್ತದೆ. ಆದ್ದರಿಂದ ಬೀದಿಯ ಗುಣ ತಿಳಿಯಬೇಕಾದರೆ ಹಾದುಹೋದವರನ್ನು ಎಣಿಸಿದರೆ ಸಾಲದು, ನಿಂತವರನ್ನೂ ಎಣಿಸಬೇಕು.

ಗೆಲ್ ಅವರ ಊರು ಕೋಪನ್‌ಹೇಗನ್. ಅಲ್ಲಿನ ಮುಖ್ಯ ಅಂಗಡಿ ಬೀದಿ ಸ್ಟ್ರಾಯೆಟ್‌ಗೆ 1962ರ ನವೆಂಬರ್‌ನಲ್ಲಿ ಕಾರು ಬರದಂತೆ ಮಾಡಿದರು. ಸುಮಾರು 1.1 ಕಿ.ಮೀ. ಉದ್ದದ ಬೀದಿ. ವ್ಯಾಪಾರ ಹಾಳಾಗುತ್ತೆ ಅಂತ ಅಂಗಡಿಯವರು ಗಲಾಟೆ ಮಾಡಿದರು. ನಾವೇನು ಇಟಲಿಯವರಾ, ಈ ಚಳಿಯಲ್ಲಿ ಯಾರು ಹೊರಗೆ ಕೂರ್ತಾರೆ ಅಂತ ಮಾತು ಹುಟ್ಟಿತ್ತು. ಆದರೆ ಜನ ಬಂದರು, ಕೂತರು. ಆಮೇಲೆ ನಗರ ಪಾರ್ಕಿಂಗ್ ಜಾಗವನ್ನು ಒಂದೇ ಏಟಿಗೆ ತೆಗೆಯದೆ ಹತ್ತಾರು ವರ್ಷ ಸ್ವಲ್ಪಸ್ವಲ್ಪವಾಗಿ ತೆಗೆಯುತ್ತ ಬಂತು. ಗೆಲ್ ಮತ್ತು ಜೊತೆಯವರು ಪೆನ್ಸಿಲ್ ಹಿಡಿದು ಎಷ್ಟು ಜನ ನಡೆದರು, ಎಷ್ಟು ಜನ ಕೂತರು ಅಂತ ಮತ್ತೆಮತ್ತೆ ಲೆಕ್ಕ ಇಟ್ಟರು. ಮುಂದಿನ ಬೀದಿಗೆ ಜಗಳ ಬಂದಾಗ ಕೈಯಲ್ಲಿ ಅಂಕಿ ಇತ್ತು. ನನ್ನ ಪ್ರಕಾರ ಈ ಕಥೆಯಲ್ಲಿ ಕಲಿಯಬೇಕಾದದ್ದು ಆ ಲೆಕ್ಕದ ಪುಸ್ತಕವನ್ನೇ. ಕಲ್ಲುಹಾಸನ್ನು ಯಾರು ಬೇಕಾದರೂ ಹಾಕಿಸಬಹುದು.

ಅಂಚು

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ನಡೆಯುವವರ ವೇಗ ಗಂಟೆಗೆ ಸುಮಾರು 5 ಕಿ.ಮೀ. ಅಂದರೆ 100 ಮೀಟರ್ ನಡೆಯಲು 72 ಸೆಕೆಂಡ್. ಆ ನೂರು ಮೀಟರಿನಲ್ಲಿ 15ರಿಂದ 20 ಅಂಗಡಿ ಬಾಗಿಲುಗಳಿದ್ದರೆ ನಾಲ್ಕೈದು ಸೆಕೆಂಡಿಗೊಮ್ಮೆ ಕಣ್ಣಿಗೆ ಹೊಸದೇನೋ ಬೀಳುತ್ತದೆ. ಗೆಲ್ ಹೇಳುವ ಒಳ್ಳೆಯ ಅಂಚು ಇದು. ಚಿಕ್ಕಪೇಟೆಯಲ್ಲಿ ಅಂಗಡಿಗಳು ಇದಕ್ಕಿಂತ ಕಿರಿದು. ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ನಡುವೆ ಮಹಡಿಗೆ ಹೋಗುವ ಇಕ್ಕಟ್ಟು ಮೆಟ್ಟಿಲು. ನಡೆಯಲು ಜಾಗವಿಲ್ಲದಿದ್ದರೂ ಬೇಜಾರಂತೂ ಆಗುವುದಿಲ್ಲ. ಈಗ 150 ಮೀಟರ್ ಉದ್ದದ ಕಾಂಪೌಂಡ್ ಗೋಡೆಯ ಪಕ್ಕ ನಡೆಯಿರಿ. ಫುಟ್‌ಪಾತ್ ಮೂರು ಮೀಟರ್ ಅಗಲವಿದ್ದರೂ ಹೆಜ್ಜೆ ತಾನಾಗೇ ಚುರುಕಾಗುತ್ತದೆ, ಅಲ್ವಾ? ರಾತ್ರಿಯಾದರೆ ಇನ್ನೂ ಜಾಸ್ತಿ. ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ಹೇಳಿದ 'ಬೀದಿಯ ಮೇಲಿನ ಕಣ್ಣುಗಳು', ಅಂದರೆ ಮನೆ, ಅಂಗಡಿಗಳಿಂದ ಬೀದಿ ನೋಡುತ್ತಿರುವ ಜನ, ಆ ಗೋಡೆಯ ಹಿಂದೆ ಇರುವುದಿಲ್ಲ. ಹಳೇ ಮನೆಗಳ ಜಗಲಿ ಈ ಕೆಲಸವನ್ನೇ ಮಾಡುತ್ತಿತ್ತು. ಒಳಗಿನವರು ಅರ್ಧ ಹೊರಗೆ, ಹೊರಗಿನವರು ಅರ್ಧ ಒಳಗೆ.

ಕೂರುವ ಜಾಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1970ರ ದಶಕದಲ್ಲಿ ಸಂಶೋಧಕ ವಿಲಿಯಂ ವೈಟ್ ನ್ಯೂಯಾರ್ಕಿನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಜನ ಎಲ್ಲಿ ಕೂರುತ್ತಾರೆ ಅಂತ ನೋಡಿದರು. ಕೂರಲು ಜಾಗ ಇದ್ದಲ್ಲಿ ಕೂರುತ್ತಾರೆ ಅನ್ನೋದೇ ಉತ್ತರ! ಕೇಳಿದರೆ ನಗು ಬರುತ್ತದೆ. ಆದರೆ ಅಂಗಡಿ ಮುಂದಿನ ಕಟ್ಟೆಗೆ ಕಬ್ಬಿಣದ ಮುಳ್ಳು ಬಡಿಸುವ ನಮ್ಮ ಊರುಗಳಿಗೆ ಅದೂ ಇನ್ನೂ ಗೊತ್ತಾಗಿಲ್ಲ.

ಎಳನೀರು ಗಾಡಿ

ಬೀದಿ ವ್ಯಾಪಾರವನ್ನು 'ಅಡಚಣೆ' ಅಂತ ಬರೆಯುವ ಮೊದಲು ಒಂದು ಎಳನೀರು ಗಾಡಿಯನ್ನು ಹತ್ತಿರದಿಂದ ನೋಡಿ. ಗಾಡಿ ಯಾವಾಗಲೂ ಮರದ ನೆರಳಲ್ಲೇ ಇರುತ್ತದೆ. ಬಿಸಿಲು ಸರಿದಂತೆ ಗಾಡಿಯೂ ಒಂದಡಿ ಸರಿಯುತ್ತದೆ. 'ಬರೀ ನೀರಾ, ಗಂಜಿ ಇರೋದಾ?' ಅಂತ ಕೇಳಿ, ಕಾಯಿ ತಟ್ಟಿ ನೋಡಿ, ಮಚ್ಚಿನಲ್ಲಿ ಮೂರು ಏಟು. ಎಳನೀರನ್ನು ನಡೀತಾ ಕುಡಿಯೋಕಾಗಲ್ಲ. ಕುಡಿದು, ಬುರುಡೆ ವಾಪಸ್ ಕೊಟ್ಟು, ಅದನ್ನು ಸೀಳಿಸಿ ಗಂಜಿ ತಿನ್ನುವವರೆಗೆ ನಿಲ್ಲಲೇಬೇಕು. ಅಷ್ಟರಲ್ಲಿ ಪಕ್ಕದಲ್ಲಿ ಇನ್ನೊಬ್ಬರು ನಿಂತಿರುತ್ತಾರೆ. ಆಟೋದವರು ಬಂದು ಅಡ್ರೆಸ್ ಕೇಳುತ್ತಾರೆ. ಶಾಲೆ ಬಿಟ್ಟ ಮಕ್ಕಳು ಯಾರ ಮನೆಯವರು ಅಂತ ಗಾಡಿಯವನಿಗೆ ಗೊತ್ತು. ನೆರಳು, ನಿಲ್ಲಲು ಕಾರಣ, ಕಾವಲು ಕಣ್ಣು, ಮೂರೂ ಒಂದೇ ಕಡೆ ಸಿಕ್ಕವು. ಸರ್ಕಾರಕ್ಕೆ ಖರ್ಚೂ ಇಲ್ಲ.

ಇದಕ್ಕೆ ಕಾನೂನಿನ ಬಲವೂ ಇದೆ, ಪರೀಕ್ಷೆಗೆ ನೆನಪಿಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40% ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಎಷ್ಟು ವ್ಯಾಪಾರಿಗಳಿಗೆ ಜಾಗ ಕೊಡಬೇಕು ಅನ್ನೋದಕ್ಕೆ ಆ ವಾರ್ಡ್ ಅಥವಾ ಊರಿನ ಜನಸಂಖ್ಯೆಯ 2.5% ಮಿತಿ.

ಹಾಗಾದರೆ ನಡೆಯುವವರ ಗತಿ? ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಫುಟ್‌ಪಾತನ್ನು ಮೂರು ಪಟ್ಟಿಗಳಾಗಿ ಸೀಳುತ್ತದೆ. ಕಟ್ಟಡದ ಪಕ್ಕ ಒಂದು, ನಡುವೆ ನಡೆಯುವ ಪಟ್ಟಿ, ರಸ್ತೆಯ ಕಡೆ ಮರ, ದೀಪದ ಕಂಬ, ಗಾಡಿಗಳಿಗೆ ಇನ್ನೊಂದು. ನಡುವಿನ ಪಟ್ಟಿ ಕನಿಷ್ಠ 1.8 ಮೀಟರ್ ಪೂರ್ತಿ ಖಾಲಿ ಇರಬೇಕು. ಎರಡು ಗಾಲಿಕುರ್ಚಿ ಎದುರುಬದುರಾಗಿ ಬಂದರೂ ಹಾದುಹೋಗುವಷ್ಟು ಅಗಲ ಅದು. ಜಗಳವೆಲ್ಲ ಆಗೋದು ಮೂರನೇ ಪಟ್ಟಿಯನ್ನು ನಕ್ಷೆಯಲ್ಲೇ ಬಿಡದೇ ಹೋದಾಗ. ಆಗ ಗಾಡಿ, ಟ್ರಾನ್ಸ್‌ಫಾರ್ಮರ್, ಸ್ಕೂಟರ್ ಎಲ್ಲ ನಡುವಿನ ಪಟ್ಟಿಗೇ ಬಂದು ಕೂರುತ್ತವೆ. ಬೈಗುಳ ಮಾತ್ರ ಗಾಡಿಯವನಿಗೆ.

ಬಾಳಿಕೆ ಅಂದರೆ ಏನು

ಸುಸ್ಥಿರ ಅಂದ ಕೂಡಲೇ ಸೋಲಾರ್ ದೀಪ ಬರೆಯುತ್ತೇವೆ. ಮೊದಲು ಬರೆಯಬೇಕಾದದ್ದು ಮರ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಜೊತೆಯವರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಬೆಂಗಳೂರಿನ ರಸ್ತೆಗಳದ್ದೇ. ಮಧ್ಯಾಹ್ನದ ಹೊತ್ತು ಮರವಿದ್ದ ಕಡೆ ಗಾಳಿಯ ತಾಪ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ ಕಡಿಮೆ ಇತ್ತು. ರಸ್ತೆ ಮೇಲ್ಮೈ ತಾಪ 27.5 ಡಿಗ್ರಿವರೆಗೆ ಕಡಿಮೆ. ಏಪ್ರಿಲ್ ಮಧ್ಯಾಹ್ನ ಯಾರಾದರೂ ಹೊರಗೆ ನಿಲ್ಲುತ್ತಾರೋ ಇಲ್ಲವೋ ಅನ್ನೋದು ಇಲ್ಲೇ ತೀರ್ಮಾನವಾಗುತ್ತದೆ. ಬುಡದವರೆಗೂ ಕಾಂಕ್ರೀಟ್ ಹಾಕಿದರೆ ನೀರೂ ಇಳಿಯಲ್ಲ, ಬೇರೂ ಉಸಿರಾಡಲ್ಲ. ಬುಡದ ಸುತ್ತ ಮಣ್ಣು ಬಿಡಲೇಬೇಕು.

ಎರಡನೆಯದು ಅಗೆತ. ಹೊಸ ರಸ್ತೆ, ಮರುತಿಂಗಳು ಕೇಬಲ್‌ಗೆ ಗುಂಡಿ. ಬೆಂಗಳೂರಿನ ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಹೊಸದಾಗಿ ಮಾಡಿದ ರಸ್ತೆಗಳಲ್ಲಿ ನೀರು, ಒಳಚರಂಡಿ, ವಿದ್ಯುತ್, ಕೇಬಲ್‌ಗಳಿಗೆ ನೆಲದಡಿ ಬೇರೆಬೇರೆ ದಾರಿ ಮಾಡಿ, ರಿಪೇರಿಗೆ ಚೇಂಬರ್ ಕೊಟ್ಟದ್ದು ಇದಕ್ಕೇ. ಕಣ್ಣಿಗೆ ಕಾಣದ ಈ ಕೆಲಸವೇ ಆ ಯೋಜನೆಯ ನಿಜವಾದ ಸಾಧನೆ ಅಂತ ನನಗನ್ನಿಸುತ್ತದೆ. ಆದರೆ ಅದೇ ರಸ್ತೆಗಳಲ್ಲಿ ಎತ್ತರದ ಗೋಡೆ ಇರುವ ಕಡೆ ಅಗಲವಾದ ಫುಟ್‌ಪಾತ್ ಮೇಲೂ ಯಾರೂ ನಿಲ್ಲುವುದಿಲ್ಲ.

ಚರ್ಚ್ ಸ್ಟ್ರೀಟ್ ಬೇರೆ. ಹತ್ತಿರದಲ್ಲೇ ಎಂ.ಜಿ. ರಸ್ತೆ ಮೆಟ್ರೊ, ಸಾಲಾಗಿ ಪುಸ್ತಕದಂಗಡಿ, ಹೋಟೆಲು. ನಿಲ್ಲಲು ಕಾರಣಗಳು ಮೊದಲೇ ಇದ್ದವು. 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ಅಲ್ಲಿ ವಾಹನ ಓಡಾಟ ನಿಲ್ಲಿಸಿದಾಗ ಬೀದಿ ತುಂಬಿದ್ದು ಅದಕ್ಕೇ. ಅದೇ ಪ್ರಯೋಗವನ್ನು ಅಂಗಡಿಯೇ ಇಲ್ಲದ ವರ್ತುಲ ರಸ್ತೆಯ ತುಂಡಿನಲ್ಲಿ ಮಾಡಿದರೆ ಖಾಲಿ ಡಾಂಬರು ಸಿಗುತ್ತದೆ ಅಷ್ಟೆ. ಇನ್ನೊಂದು ಮಾತು. ಬೀದಿ ಚೆಂದವಾದರೆ ಬಾಡಿಗೆ ಏರುತ್ತದೆ, ಸಣ್ಣ ಅಂಗಡಿ ಜಾಗ ಬಿಡುತ್ತದೆ. ಉತ್ತರದಲ್ಲಿ ಇದನ್ನು ಬರೆಯದಿದ್ದರೆ ಚಿತ್ರ ಅರ್ಧವೇ.

ನೀವೇ ಮಾಡಿ ನೋಡಿ

ನಿಮ್ಮ ಊರಿನ ಯಾವುದಾದರೂ ನೂರು ಮೀಟರ್ ಆರಿಸಿಕೊಳ್ಳಿ. ಕಾಲು ಗಂಟೆಗೊಮ್ಮೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಿರಿ. ನಿಂತವರು, ಕೂತವರು, ಮಾರುವವರು, ಆಡುವ ಮಕ್ಕಳು ಎಲ್ಲರನ್ನೂ ನಕ್ಷೆಯ ಮೇಲೆ ಬೇರೆಬೇರೆ ಗುರುತಿನಲ್ಲಿ ಹಾಕಿ. ಬೆಳಿಗ್ಗೆ, ನಡುಮಧ್ಯಾಹ್ನ, ದೀಪ ಹಚ್ಚುವ ಹೊತ್ತು, ರಾತ್ರಿ ಒಂಬತ್ತರ ಮೇಲೆ, ಹೀಗೆ ಬೇರೆ ಹೊತ್ತುಗಳಲ್ಲಿ ಮಾಡಿ. ಹೆಂಗಸರು, ವಯಸ್ಸಾದವರು ಎಷ್ಟು ಅಂತ ಬೇರೆ ಸಾಲಿನಲ್ಲಿ ಬರೆಯಿರಿ. ರಾತ್ರಿಯ ಲೆಕ್ಕದಲ್ಲಿ ಆ ಸಾಲು ಖಾಲಿಯಾದರೆ ಮೊದಲು ದೀಪ ಇದೆಯಾ ನೋಡಿ. ಆಮೇಲೆ ಯಾವ ಅಂಗಡಿ ಎಷ್ಟು ಗಂಟೆಗೆ ಬಾಗಿಲು ಹಾಕುತ್ತದೆ ಅಂತ ಕೇಳಿಕೊಂಡು ಬನ್ನಿ.